ಕಣದ ಆಯದಿಂದ ಗೌರವಧನದವರೆಗೆ: ಮಧುಗಿರಿ ಸೀಮೆಯ ಶಾಲಾ ನೌಕರರು ಮತ್ತು ಬರಗಾಲದ ಜನಪದ ವಿವೇಕ

‘ಬರಗಾಲಕ್ಕೆ ಅಧಿಕ ಮಾಸ’ ಎಂಬುದು ಕನ್ನಡ ಜನಪದರ ಅತ್ಯಂತ ಅರ್ಥಗರ್ಭಿತ ಗಾದೆಗಳಲ್ಲಿ ಒಂದು. ಹನ್ನೆರಡು ತಿಂಗಳಿಗೆಂದು ಅಳೆದಿಟ್ಟುಕೊಂಡ ಕಾಳು ಹದಿಮೂರನೆಯ ತಿಂಗಳಿಗೆ ಒದಗದಿದ್ದಾಗ ಒಕ್ಕಲಿನ ಮನೆ ಎದುರಿಸುವ ಸಂಕಟವನ್ನು ಈ ಗಾದೆ ಮೂರೇ ಪದಗಳಲ್ಲಿ ಹಿಡಿದಿಟ್ಟಿದೆ. ಆದಾಯ ಕುಗ್ಗಿದ ಕಾಲದಲ್ಲಿಯೇ ಖರ್ಚಿನ ದಿನಗಳು ಹಿಗ್ಗುತ್ತವೆ ಎಂಬುದು ಇದರ ತಿರುಳು. ಆರ್ಥಿಕ ಹಿಂಜರಿತ, ಆಯವ್ಯಯದ ಕಡಿತ ಮೊದಲಾದ ಆಧುನಿಕ ಪರಿಭಾಷೆಗಳು ಹುಟ್ಟುವುದಕ್ಕೆ ಮುನ್ನವೇ ಗ್ರಾಮಸಮಾಜವು ಇಂತಹ ಸನ್ನಿವೇಶವನ್ನು ಗುರುತಿಸಿ, ಅದಕ್ಕೆ ತಕ್ಕ ಏರ್ಪಾಡುಗಳನ್ನು ರೂಪಿಸಿಕೊಂಡಿತ್ತು. ಊರಿನ ಶಾಲೆಯೂ ಅಲ್ಲಿ ದುಡಿಯುವವರೂ ಈ ಏರ್ಪಾಡಿನಿಂದ ಹೊರತಾಗಿರಲಿಲ್ಲ. ಸರ್ಕಾರದ ಹಣ ಕುಗ್ಗಿದಾಗ ಶಾಲಾ ನೌಕರರು ಹೇಗೆ ಬದುಕು ಸಾಗಿಸುತ್ತಾರೆ ಎಂಬ ಇಂದಿನ ಪ್ರಶ್ನೆಯನ್ನು ಆ ಹಳೆಯ ಏರ್ಪಾಡಿನ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರದೇಶದ ಸ್ವರೂಪ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಮಧುಗಿರಿ ತಾಲ್ಲೂಕಿನ ಆರು ಹೋಬಳಿಗಳಲ್ಲಿ ಒಂದಾದ ಐ.ಡಿ.ಹಳ್ಳಿ, ಅಂದರೆ ಇಟಕದಿಬ್ಬನಹಳ್ಳಿ, ಆಂಧ್ರದ ಗಡಿಗೆ ಹತ್ತಿರದಲ್ಲಿದೆ. ತೆಲುಗಿನಲ್ಲಿ ‘ಇಟುಕ’ ಎಂದರೆ ಇಟ್ಟಿಗೆ. ಎರಡು ಭಾಷೆಗಳು ಕೂಡಿ ಬಾಳುವ ಗಡಿಸೀಮೆಯ ಲಕ್ಷಣ ಊರಿನ ಹೆಸರಿನಲ್ಲಿಯೇ ಕಾಣುವಂತಿದೆ. ಮಳೆ ಕಡಿಮೆಯಾದ ಈ ಸೀಮೆಯ ಬೇಸಾಯ ರಾಗಿ, ಹುರುಳಿ, ಕಡಲೆಕಾಯಿ ಮತ್ತು ಹುಣಸೆಯನ್ನು ನೆಚ್ಚಿಕೊಂಡಿದೆ. ಮಳೆ ಕೈಕೊಟ್ಟ ವರ್ಷ ಬೆಂಗಳೂರು, ಹಿಂದೂಪುರಗಳ ಕಡೆಗೆ ಗುಳೆ ಹೋಗುವುದು ಇಲ್ಲಿಯ ಬದುಕಿನ ಹಳೆಯ ಕ್ರಮ.

ಬರದ ನೆನಪು ಈ ಭಾಗದ ಜನಪದರಲ್ಲಿ ಆಳವಾಗಿ ಬೇರೂರಿದೆ. 1876ರ ಧಾತು ಮತ್ತು 1877ರ ಈಶ್ವರ ಸಂವತ್ಸರಗಳ ಮಹಾಕ್ಷಾಮ ಅವುಗಳಲ್ಲಿ ಪ್ರಮುಖವಾದುದು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಕ್ಷಾಮ ಪರಿಹಾರಕ್ಕಾಗಿ ಸಂಸ್ಥಾನದ ತಲೆಗೆ ಬಂದ ಸಾಲ 80 ಲಕ್ಷ ರೂಪಾಯಿ. ಆ ಸಾಲದ ಭಾರದಿಂದ ಆಡಳಿತದ ವೆಚ್ಚಗಳನ್ನು ಕಡಿತಗೊಳಿಸಬೇಕಾಯಿತು. ಮಳೆ ಹೋದರೆ ಬೊಕ್ಕಸ ಬರಿದಾಗುತ್ತದೆ, ಬೊಕ್ಕಸ ಬರಿದಾದರೆ ಸಂಬಳದ ಮೇಲೆ ಕೈ ಬೀಳುತ್ತದೆ ಎಂಬ ಸರಪಣಿ ಈ ನಾಡಿಗೆ ಹೊಸದಲ್ಲ.

ಆಯಗಾರನಾಗಿ ಮೇಷ್ಟರು

ಸರ್ಕಾರಿ ಶಾಲೆಗಳು ಬರುವ ಮೊದಲು ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಅಕ್ಷರ ಕಲಿಸುತ್ತಿದ್ದುದು ಕೂಲಿಮಠಗಳು. ಅಲ್ಲಿಯ ಉಪಾಧ್ಯಾಯರನ್ನು ಜನ ‘ಐಗಳು’ ಎಂದು ಗೌರವದಿಂದ ಕರೆಯುತ್ತಿದ್ದರು. ಜಗುಲಿಯ ಮೇಲೋ ಗುಡಿಯ ಪ್ರಾಂಗಣದಲ್ಲೋ ಮಕ್ಕಳನ್ನು ಕೂರಿಸಿ, ಮರಳಿನ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿ ಬಾಯಿಪಾಠ ಮಾಡಿಸಿ, ಕಾವ್ಯಗಳನ್ನು ಓದಿಸುವುದು ಅವರ ಕ್ರಮ. ಅವರ ಸಂಭಾವನೆ ಬಹುಮಟ್ಟಿಗೆ ಕಾಳಿನ ರೂಪದಲ್ಲಿ ಸಲ್ಲುತ್ತಿತ್ತು. ‘ಕೂಲಿಮಠ’ ಎಂಬ ಹೆಸರಿನಲ್ಲಿಯೇ ಕಲಿಸುವ ಕೆಲಸ ಕೂಲಿಗೆ ಅರ್ಹವಾದುದು ಎಂಬ ಒಪ್ಪಂದ ಅಡಗಿದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಈ ಒಪ್ಪಂದ ಕೇವಲ ಪೋಷಕರ ಔದಾರ್ಯಕ್ಕೆ ಸೇರಿದ್ದಲ್ಲ. ಹಳೆಯ ಗ್ರಾಮವ್ಯವಸ್ಥೆಯಲ್ಲಿ ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಮಡಿವಾಳ, ಕ್ಷೌರಿಕ, ಅಕ್ಕಸಾಲಿ ಎಂಬ ಹನ್ನೆರಡು ಆಯಗಾರರು ಇದ್ದುದು ಪ್ರಸಿದ್ಧ. 1810ರಲ್ಲಿ ಪ್ರಕಟವಾಗತೊಡಗಿದ ತನ್ನ ಮೈಸೂರು ಇತಿಹಾಸದಲ್ಲಿ ಮಾರ್ಕ್ ವಿಲ್ಕ್ಸ್ ಈ ಆಯಗಾರರ ಪಟ್ಟಿಯನ್ನು ಕೊಡುತ್ತ, ಕೆಲವು ಊರುಗಳಲ್ಲಿ ಅಕ್ಕಸಾಲಿಯ ಸ್ಥಾನದಲ್ಲಿ ಕವಿಯೂ ಆದ ಶಾಲಾ ಉಪಾಧ್ಯಾಯನಿದ್ದುದನ್ನು ದಾಖಲಿಸಿದ್ದಾನೆ. ಅಂದರೆ ಊರಿಗೆ ಕಮ್ಮಾರನ ಕುಲುಮೆ ಎಷ್ಟು ಅಗತ್ಯವೋ ಐಗಳ ಮಠವೂ ಅಷ್ಟೇ ಅಗತ್ಯವೆಂದು ಕೆಲವು ಗ್ರಾಮಗಳಾದರೂ ಭಾವಿಸಿ, ಅವನಿಗೆ ಕಣದಲ್ಲಿ ಪಾಲು ಗೊತ್ತುಮಾಡಿದ್ದವು.

ಕಣದಲ್ಲಿ ಆಯ ಸಲ್ಲುವ ಬಗೆ ವಿಶಿಷ್ಟವಾದುದು. ಒಕ್ಕಣೆ ಮುಗಿದು, ರಾಶಿಗೆ ಪೂಜೆ ಸಲ್ಲಿಸಿ, ಅಳೆಯುವವನು ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಕೆ ತೊಡಗುತ್ತಾನೆ. ರಾಶಿ ಮನೆಗೆ ಹೋಗುವ ಮುನ್ನವೇ ಆಯಗಾರರ ಪಾಲು ಅಲ್ಲಿಯೇ ಸಲ್ಲಬೇಕು. ಈ ಆಚರಣೆಯಲ್ಲಿ ಮೂರು ಅಂಶಗಳು ಮುಖ್ಯವಾಗುತ್ತವೆ. ಮೊದಲನೆಯದಾಗಿ, ಪಾಲು ಎಲ್ಲರ ಕಣ್ಣೆದುರಿಗೆ ಅಳೆಯಲ್ಪಡುತ್ತದೆ. ಎರಡನೆಯದಾಗಿ, ಅದು ಭಿಕ್ಷೆಯಲ್ಲ, ಹಕ್ಕು. ಮೂರನೆಯದಾಗಿ, ಬೆಳೆ ಹೆಚ್ಚಿದರೆ ಆಯವೂ ಹೆಚ್ಚುತ್ತದೆ, ಬೆಳೆ ಕುಗ್ಗಿದರೆ ಒಕ್ಕಲಿಗನೂ ಆಯಗಾರನೂ ಕೂಡಿಯೇ ಕುಗ್ಗುತ್ತಾರೆ. ಕಾಳಿನ ರೂಪದಲ್ಲಿದ್ದುದರಿಂದ ಪೇಟೆಯ ಧಾರಣೆ ಏರಿದರೂ ಆಯದ ಮೌಲ್ಯ ಕರಗುತ್ತಿರಲಿಲ್ಲ.

ಇದನ್ನು ಆದರ್ಶವೆಂದು ವೈಭವೀಕರಿಸುವುದು ಸಲ್ಲದು. ಆಯಗಾರ ಪದ್ಧತಿ ಜಾತಿಶ್ರೇಣಿಯನ್ನು ಹಾಸುಹೊಕ್ಕಾಗಿ ಹೊಂದಿತ್ತು. ದಲಿತರಿಗೂ ಬಹುತೇಕ ಹೆಣ್ಣುಮಕ್ಕಳಿಗೂ ಕೂಲಿಮಠದ ಜಗುಲಿ ಎಟುಕುತ್ತಿರಲಿಲ್ಲ. ಆದರೆ ನಷ್ಟವನ್ನು ಯಾರು, ಎಷ್ಟು ಹೊರಬೇಕು ಎಂಬ ಪ್ರಶ್ನೆಗೆ ಅದರಲ್ಲಿ ಒಂದು ಬಹಿರಂಗ ಉತ್ತರವಿತ್ತು ಎಂಬುದು ಪ್ರಸ್ತುತ ಚರ್ಚೆಗೆ ಮಹತ್ವದ್ದಾಗಿದೆ.

ಮಹಾನವಮಿಯ ಚೌಪದ

ಕಣದ ಆಯಕ್ಕೆ ಪೂರಕವಾಗಿದ್ದುದು ಹಬ್ಬದ ಕಾಣಿಕೆ. ಮಹಾನವಮಿಯ ದಿನಗಳಲ್ಲಿ ಐಗಳು ತಮ್ಮ ಶಿಷ್ಯರನ್ನು ಕರೆದುಕೊಂಡು ಮನೆಮನೆಗೆ ಹೋಗಿ ಚೌಪದಗಳನ್ನು ಹಾಡಿಸುವ ಸಂಪ್ರದಾಯ ಹಳೆಯ ಮೈಸೂರು ಪ್ರಾಂತ್ಯದಲ್ಲಿ ಪ್ರಚಲಿತವಾಗಿತ್ತು. ಮನೆಯವರನ್ನು ಹರಸುವ, ಮಕ್ಕಳ ಕಲಿಕೆಯನ್ನು ಊರಿಗೆ ತೋರಿಸುವ ಈ ಹಾಡುಗಾರಿಕೆಗೆ ಪ್ರತಿಯಾಗಿ ಐಗಳಿಗೆ ಹಣ, ಕಾಳು, ಬಟ್ಟೆ ದೊರೆಯುತ್ತಿದ್ದವು. ಗಡಿಯಾಚೆಯ ತೆಲುಗು ಸೀಮೆಯಲ್ಲಿಯೂ ದಸರೆಗೆ ಇಂತಹುದೇ ಪದ್ಧತಿಯಿತ್ತು. ಅಲ್ಲಿ ಅಯ್ಯವಾರಿಗೆ ವರಹಗಳ ಕಾಣಿಕೆಯೂ ಮಕ್ಕಳಿಗೆ ಬೇಳೆಬೆಲ್ಲವೂ ಸಲ್ಲಬೇಕೆಂಬುದು ಹಾಡಿನ ಆಶಯವಾಗಿತ್ತು. ಎರಡು ಭಾಷೆಗಳಲ್ಲಿ ಒಂದೇ ತಿಳಿವಳಿಕೆ ಹರಿದಿರುವುದು ಗಮನಾರ್ಹ. ಐಗಳ ಕೊರತೆಯನ್ನು ತುಂಬಿಕೊಡುವುದು ಊರಿನ ಹೊಣೆ. ಆದರೆ ಅವರು ಕೈಚಾಚಿ ಬೇಡುವಂತಾಗಬಾರದು, ಕಲಿಸಿದ ವಿದ್ಯೆಯನ್ನು ಮುಂದಿಟ್ಟು ಪಡೆಯುವಂತಾಗಬೇಕು.

1868ರಲ್ಲಿ ಬಿ.ಎಲ್. ರೈಸ್ ಅವರು ರೂಪಿಸಿದ ಹೋಬಳಿ ಶಾಲೆಗಳ ಯೋಜನೆಯೊಂದಿಗೆ ಈ ಸಂಬಂಧ ಬದಲಾಗತೊಡಗಿತು. ಪ್ರತಿ ಹೋಬಳಿಗೂ ಒಂದು ಶಾಲೆ ಇರಬೇಕೆಂಬ ಆ ಯೋಜನೆ ಹಳ್ಳಿಯ ಉಪಾಧ್ಯಾಯರನ್ನೇ ಆಯ್ದು ತರಬೇತಿ ಕೊಟ್ಟು ನೇಮಿಸುವ ಕ್ರಮವನ್ನು ಹೊಂದಿತ್ತು. ಕಣದ ಆಯದ ಸ್ಥಾನಕ್ಕೆ ತಿಂಗಳ ಸಂಬಳ ಬಂದಿತು. ಮಳೆಯ ಏರಿಳಿತದಿಂದ ಉಪಾಧ್ಯಾಯರಿಗೆ ರಕ್ಷಣೆ ದೊರಕಿದ್ದು ನಿಜವಾದ ಮುನ್ನಡೆ. ಆದರೆ ಆ ರಕ್ಷಣೆ ಬೊಕ್ಕಸದ ಸ್ಥಿತಿಗೆ ಅಧೀನವಾಯಿತು.

ಮೂರು ಗೌರವದ ಪದಗಳು

ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕಗಳಲ್ಲಿ ಸರ್ಕಾರಿ ಶಾಲೆಯ ಆವರಣದಲ್ಲಿ ಎರಡು ಬಗೆಯ ನೌಕರರು ಕಾಣಿಸಿಕೊಂಡರು. ಕಾಯಂ ಶಿಕ್ಷಕರಿಗೆ ವೇತನಶ್ರೇಣಿಯಿದೆ. ಹಿಂಜರಿತದ ಬಿಸಿ ಅವರಿಗೂ ತಟ್ಟುತ್ತದೆ. ಕೋವಿಡ್ ಕಾಲದಲ್ಲಿ 2020ರ ಜನವರಿಯಿಂದ 2021ರ ಜೂನ್‌ವರೆಗಿನ ತುಟ್ಟಿಭತ್ಯೆಯ ಏರಿಕೆಯನ್ನು ತಡೆಹಿಡಿಯಲಾಗಿತ್ತು. ಆದರೂ ಅವರ ಮೂಲ ವೇತನಕ್ಕೆ ನಿಯಮದ ಕಾವಲಿದೆ. ಅಂತಹ ಕಾವಲಿಲ್ಲದವರು ಬಿಸಿಯೂಟದ ಅಡುಗೆಯವರು ಮತ್ತು ಅತಿಥಿ ಶಿಕ್ಷಕರು.

ಮಧ್ಯಾಹ್ನದ ಬಿಸಿಯೂಟವು 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾಗಿ, 2003ರಲ್ಲಿ ಉಳಿದ ಜಿಲ್ಲೆಗಳಿಗೆ ವಿಸ್ತರಿಸಿತು. ಇದಕ್ಕೆ ‘ಅಕ್ಷರ ದಾಸೋಹ’ ಎಂಬ ಹೆಸರು ಬಂದಿತು. ‘ದಾಸೋಹ’ ತುಮಕೂರು ಸೀಮೆಯ ಜನರಿಗೆ ಸಿದ್ಧಗಂಗಾ ಮಠದ ಮೂಲಕ ಚಿರಪರಿಚಿತವಾದ ಪದ. ಸುತ್ತಲಿನ ಒಕ್ಕಲು ಮಕ್ಕಳು ತಮ್ಮ ಬೆಳೆಯ ಒಂದು ಭಾಗವನ್ನು ಮಠಕ್ಕೆ ಸಲ್ಲಿಸಿ, ಸಾವಿರಾರು ವಿದ್ಯಾರ್ಥಿಗಳ ಅನ್ನಕ್ಕೆ ನೆರವಾಗುವ ಸಂಪ್ರದಾಯ ಅಲ್ಲಿದೆ. ಅಡುಗೆಯವರಿಗೆ ಸಲ್ಲುವುದಕ್ಕೆ ‘ಗೌರವಧನ’ ಎಂದೂ, ಖಾಲಿ ಹುದ್ದೆಗೆ ತಾತ್ಕಾಲಿಕವಾಗಿ ಬಂದ ಶಿಕ್ಷಕರಿಗೆ ‘ಅತಿಥಿ’ ಎಂದೂ ಹೆಸರಿಡಲಾಯಿತು. ದಾಸೋಹ, ಗೌರವ, ಅತಿಥಿ: ಈ ಮೂರೂ ನಾಡಿನ ನೈತಿಕ ಬದುಕಿನ ಉನ್ನತ ಪದಗಳು. ಆದರೆ ಮೂರರಲ್ಲಿಯೂ ಅಳತೆಯಿಲ್ಲ. ಆಯಕ್ಕೆ ಮೊರ, ಕೊಳಗಗಳ ಲೆಕ್ಕವಿತ್ತು, ಕೂಲಿಗೆ ದಿನದ ಲೆಕ್ಕವಿದೆ. ಗೌರವಕ್ಕೆ ಲೆಕ್ಕ ಕೇಳುವುದು ಸಂಕೋಚದ ಸಂಗತಿಯಾಗುತ್ತದೆ.

ಶರಣರ ಚಿಂತನೆಯಲ್ಲಿ ದಾಸೋಹವು ಕಾಯಕದ ಬೆನ್ನಿಗೆ ಬರುವಂಥದು. ಕಾಯಕದಿಂದ ಬಂದುದರಲ್ಲಿ ತನ್ನ ಅಗತ್ಯಕ್ಕೆ ಮೀರಿದ್ದನ್ನು ಸಮುದಾಯಕ್ಕೆ ಅರ್ಪಿಸುವುದು ದಾಸೋಹ. ಕಾಯಕದ ಫಲವೇ ಪೂರ್ಣವಾಗಿ ಸಲ್ಲದವರ ದುಡಿಮೆಯಿಂದ ನಡೆಯುವ ದಾಸೋಹದಲ್ಲಿ ನಿಜವಾದ ದಾನಿ ಯಾರು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಸದ್ದಿಲ್ಲದ ಕಡಿತ

ಆಯವ್ಯಯದ ಕಡಿತ ಎರಡು ಬಗೆಯಲ್ಲಿ ನಡೆಯುತ್ತದೆ. ಒಂದು ಕಣ್ಣಿಗೆ ಕಾಣುವಂಥದು. 2014-15ರ ಕೇಂದ್ರ ಆಯವ್ಯಯದಲ್ಲಿ ಬಿಸಿಯೂಟಕ್ಕೆ 13,215 ಕೋಟಿ ರೂಪಾಯಿ ಇದ್ದ ಅಂದಾಜು 2015-16ರಲ್ಲಿ 9,236 ಕೋಟಿಗೆ ಇಳಿಯಿತು. ರಾಜ್ಯಗಳಿಗೆ ತೆರಿಗೆಯ ಪಾಲು ಶೇ. 32ರಿಂದ ಶೇ. 42ಕ್ಕೆ ಏರಿದೆಯೆಂಬ ಕಾರಣದ ಮೇಲೆ ಯೋಜನೆಗಳ ಭಾರವನ್ನು ರಾಜ್ಯಗಳ ಕಡೆಗೆ ಸರಿಸಲಾಯಿತು.

ಇನ್ನೊಂದು ಕಣ್ಣಿಗೆ ಕಾಣದಂಥದು. 2009ರ ಡಿಸೆಂಬರ್‌ನಿಂದ ಅಡುಗೆಯವರಿಗೆ ತಿಂಗಳಿಗೆ 1,000 ರೂಪಾಯಿ, ವರ್ಷದಲ್ಲಿ 10 ತಿಂಗಳು ಮಾತ್ರ ಎಂದು ಕೇಂದ್ರದ ನಿಯಮ ಗೊತ್ತುಮಾಡಿತು. ಇದರಲ್ಲಿ 2015ರ ನಂತರ ಕೇಂದ್ರದ ಪಾಲು 600 ರೂಪಾಯಿ. ಮುಂದಿನ ಹತ್ತು ವರ್ಷಗಳಿಗೂ ಮೀರಿ ಈ ಮೊತ್ತ ಏರಲಿಲ್ಲ. ಅಕ್ಕಿಬೇಳೆಗಳ ಧಾರಣೆ ಏರುತ್ತಿರುವಾಗ ನಿಂತ ಮೊತ್ತವು ಪ್ರತಿವರ್ಷವೂ ಕಡಿತವೇ ಸರಿ. ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ ಹೆಚ್ಚುವರಿ ಹಣ ಸೇರಿಸುತ್ತ ಬಂದುದರಿಂದ ಕರ್ನಾಟಕದ ಅಡುಗೆಯವರ ಸ್ಥಿತಿ ಸ್ವಲ್ಪ ಉತ್ತಮಗೊಂಡಿತು. 2022-23ರ ರಾಜ್ಯ ಆಯವ್ಯಯದ 1,000 ರೂಪಾಯಿ ಏರಿಕೆಯ ನಂತರ ಮುಖ್ಯ ಅಡುಗೆಯವರಿಗೆ 3,700, ಸಹಾಯಕರಿಗೆ 3,600 ರೂಪಾಯಿ ದೊರಕಿತು. ಅದೇ ವರ್ಷ ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 309 ರೂಪಾಯಿ ಇತ್ತು. ಅಂದರೆ ಹನ್ನೆರಡು ದಿನದ ಮಣ್ಣುಕೆಲಸದ ಕೂಲಿ ಒಂದು ತಿಂಗಳ ಒಲೆಯ ಕೆಲಸದ ಗೌರವಧನಕ್ಕೆ ಸಮನಾಗಿತ್ತು. ಕಣದ ಆಯ ಬೆಳೆಯೊಂದಿಗೆ ಏರಿಳಿಯುತ್ತಿತ್ತು. ಗೌರವಧನವಾದರೋ ಬೆಲೆಯೊಂದಿಗೆ ಏರಲಿಲ್ಲ.

ಇದರೊಂದಿಗೆ ಮಕ್ಕಳ ಸಂಖ್ಯೆಯ ನಿಯಮವೂ ಸೇರುತ್ತದೆ. 2009ರ ಅದೇ ಮಾನದಂಡದಂತೆ 25 ಮಕ್ಕಳವರೆಗೆ ಒಬ್ಬರು, 26ರಿಂದ 100ರವರೆಗೆ ಇಬ್ಬರು ಅಡುಗೆಯವರು. ಬರದ ವರ್ಷ ಕುಟುಂಬಗಳು ಗುಳೆ ಹೋದರೆ ಮಕ್ಕಳೂ ಅವರೊಂದಿಗೆ ಹೋಗುತ್ತಾರೆ. 28 ಮಕ್ಕಳಿದ್ದ ಶಾಲೆಯಲ್ಲಿ 24 ಮಕ್ಕಳು ಉಳಿದರೆ ಎರಡನೆಯ ಅಡುಗೆಯವಳ ಕೆಲಸಕ್ಕೆ ಸಂಚಕಾರ ಬರುತ್ತದೆ. ಬರವು ಹೊಲವನ್ನು ಮಾತ್ರ ಒಣಗಿಸುವುದಿಲ್ಲ, ಶಾಲೆಯ ಒಲೆಯ ಮುಂದಿನ ಕೆಲಸವನ್ನೂ ಒಣಗಿಸುತ್ತದೆ.

ಬದುಕು ಸಾಗಿಸುವ ಬಗೆಗಳು

ಹತ್ತು ತಿಂಗಳ ಗೌರವಧನದಲ್ಲಿ ಹನ್ನೆರಡು ತಿಂಗಳು ಬದುಕಬೇಕಾದ ಅಡುಗೆಯವಳಿಗೆ ಪ್ರತಿವರ್ಷವೂ ಎರಡು ಅಧಿಕ ಮಾಸಗಳು ಬರುತ್ತವೆ. ಬೇಸಿಗೆ ರಜೆಯ ಈ ತಿಂಗಳುಗಳನ್ನು ದಾಟಲು ಈ ಸೀಮೆಯ ಹೆಣ್ಣುಮಕ್ಕಳಿಗೆ ಆಸರೆಯಾಗುವುದು ಹುಣಸೆ. ಹಣ್ಣು ಬಡಿದು, ಸಿಪ್ಪೆ ಬಿಡಿಸಿ, ನಾರು ಬೀಜ ತೆಗೆಯುವ ಕೆಲಸ ಮನೆಯ ಜಗುಲಿಯಲ್ಲಿಯೇ ನಡೆಯುತ್ತದೆ. ಕೂಲಿ ಚಿಲ್ಲರೆಯಾದರೂ ಬೇಸಿಗೆಯಲ್ಲಿಯೇ ದೊರೆಯುವುದರಿಂದ ಅದಕ್ಕೆ ವಿಶೇಷ ಬೆಲೆಯಿದೆ. ಸುಗ್ಗಿಯಲ್ಲಿ ಕಡಲೆಕಾಯಿ ಬಿಡಿಸುವ ಕೆಲಸವೂ ಹೀಗೆಯೇ ಒದಗುತ್ತದೆ. ತೀವ್ರ ಬರದ ವರ್ಷಗಳಲ್ಲಿ ಈ ಬಿಡುವೂ ಇಲ್ಲವಾಗುತ್ತದೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದಾಗ, 2024ರ ಬೇಸಿಗೆ ರಜೆಯಲ್ಲಿಯೂ ಆ ತಾಲ್ಲೂಕುಗಳ ಶಾಲೆಗಳಲ್ಲಿ ಬಿಸಿಯೂಟ ನಡೆಯಿತು. ಊರಿಗೆ ಬರ ಬಂದಾಗ ಶಾಲೆಯ ಒಲೆ ಆರಬಾರದು ಎಂಬುದು ಸರಿಯಾದ ನೀತಿಯೇ. ಆದರೆ ಆ ಒಲೆಯನ್ನು ಉರಿಸುವವಳ ಮನೆಗೂ ಅದೇ ಬರ ಬಂದಿರುತ್ತದೆ.

ನಗದಿನ ಕೊರತೆಗೆ ಚೀಟಿ, ಕೈಸಾಲ, ದಿನಸಿ ಅಂಗಡಿಯ ಉದ್ರಿ ಮತ್ತು ಸ್ವಸಹಾಯ ಸಂಘದ ಸಾಲ ಒದಗುತ್ತವೆ. 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯಿಂದ ಹಳ್ಳಿಗಳಲ್ಲಿ ಹಬ್ಬಿದ ಸಂಘಗಳು ಹಳೆಯ ಚೀಟಿಯ ಕ್ರಮವನ್ನು ಬ್ಯಾಂಕಿನೊಂದಿಗೆ ಬೆಸೆದವು. ಗೌರವಧನ ತಡವಾದಾಗ ಸಂಘದ ವಾರದ ಕಂತನ್ನು ಮತ್ತೊಬ್ಬ ಸದಸ್ಯೆ ಕಟ್ಟಿ, ಮುಂದೆ ತಾನು ಅಡಚಣೆಯಲ್ಲಿದ್ದಾಗ ಅದನ್ನು ಮರಳಿ ಪಡೆಯುವುದು ಹಣದ ರೂಪ ತಾಳಿದ ಮುಯ್ಯಾಳು ಪದ್ಧತಿಯೇ ಆಗಿದೆ. ನಾಟಿ, ಕಳೆ, ಕೊಯ್ಲುಗಳಲ್ಲಿ ಆಳಿಗೆ ಆಳು ಕೊಡುವ ಮುಯ್ಯಿ ಇಲ್ಲಿ ಅಡುಗೆಮನೆಗೂ ವಿಸ್ತರಿಸುತ್ತದೆ. ಒಬ್ಬಳಿಗೆ ಮೈಯಲ್ಲಿ ಸರಿಯಿಲ್ಲದ ದಿನ ಅವಳ ಮಗಳೋ ಅತ್ತೆಯೋ ಓರಗಿತ್ತಿಯೋ ಒಲೆಯ ಮುಂದೆ ನಿಲ್ಲುತ್ತಾಳೆ. ಹಾಜರಿ ಪುಸ್ತಕದಲ್ಲಿ ಒಂದು ಹೆಸರಿದ್ದರೆ ಕೆಲಸದ ಹಿಂದೆ ಒಂದು ಮನೆತನವಿರುತ್ತದೆ.

ಮುಖ್ಯೋಪಾಧ್ಯಾಯರ ಸಂಕಷ್ಟ ಮತ್ತೊಂದು ಬಗೆಯದು. 2018ರ ನಂತರದ ಸಮಗ್ರ ಶಿಕ್ಷಣ ಯೋಜನೆಯ ಮಾನದಂಡದಲ್ಲಿ ಸಣ್ಣ ಶಾಲೆಗಳ ವಾರ್ಷಿಕ ಅನುದಾನ ಕೆಲವು ಸಾವಿರ ರೂಪಾಯಿಗಳಿಗೆ ಸೀಮಿತವಾಯಿತು. ಸುಣ್ಣಬಣ್ಣ, ದುರಸ್ತಿ, ಶೌಚಾಲಯದ ಸ್ವಚ್ಛತೆ, ಸೀಮೆಸುಣ್ಣ ಎಲ್ಲವೂ ಅದರಲ್ಲಿಯೇ ಆಗಬೇಕು. ಒಂದು ಮೊಟ್ಟೆಗೆ 6 ರೂಪಾಯಿ ಎಂದು ಸರ್ಕಾರ ಗೊತ್ತುಮಾಡಿದಾಗ ಪೇಟೆಯ ಧಾರಣೆ ಅದನ್ನು ಮೀರಿದರೆ, ವ್ಯತ್ಯಾಸ ಬೀಳುವುದು ಮುಖ್ಯೋಪಾಧ್ಯಾಯರ ಕೈಯಿಂದಲೇ. ಶಾಲೆಯ ಹಿತ್ತಲಲ್ಲಿ ನುಗ್ಗೆ, ಕರಿಬೇವು, ಸೊಪ್ಪು ಬೆಳೆದು ಸಾಂಬಾರಿನ ತರಕಾರಿ ಖರ್ಚನ್ನು ತಗ್ಗಿಸುವ ಕೈತೋಟ ಇದಕ್ಕೆ ಕಂಡುಕೊಂಡ ಉಪಾಯಗಳಲ್ಲಿ ಒಂದು. 2001ರಲ್ಲಿ ರಚನೆಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ ಮೂಲಕ ಹಳೆಯ ವಿದ್ಯಾರ್ಥಿಗಳಿಂದ, ಊರಿನ ಉಳ್ಳವರಿಂದ ನೆರವು ಪಡೆಯುವುದು ಇನ್ನೊಂದು. ತಟ್ಟೆ, ಲೋಟ, ಬೀರು, ಫ್ಯಾನುಗಳ ಮೇಲೆ ದಾನಿಗಳ ಹೆಸರು ಬರೆಯಿಸುವ ಪದ್ಧತಿಯಲ್ಲಿ ಚೌಪದದ ಕಾಣಿಕೆಯ ಛಾಯೆಯನ್ನು ಗುರುತಿಸಬಹುದು. ಆದರೆ ಅಂದು ಮಕ್ಕಳು ಹಾಡಿ ಪಡೆದದ್ದನ್ನು ಇಂದು ಮೇಷ್ಟರು ಕೇಳಿ ಪಡೆಯಬೇಕಾಗಿದೆ.

ಖಾಸಗಿ ಶಾಲೆಯ ಅಗ್ನಿಪರೀಕ್ಷೆ

ಅನುದಾನರಹಿತ ಖಾಸಗಿ ಶಾಲೆಗಳ ನೌಕರರಿಗೆ ಕೋವಿಡ್ ಕಾಲ ನಿಜವಾದ ಪರೀಕ್ಷೆಯಾಯಿತು. 1995ರ ನಂತರ ಆರಂಭವಾದ ಕನ್ನಡ ಮಾಧ್ಯಮ ಶಾಲೆಗಳು ಸರ್ಕಾರದ ವೇತನಾನುದಾನಕ್ಕಾಗಿ ಬೇಡಿಕೆ ಇಡುತ್ತಲೇ ಬಂದಿದ್ದು, ಅಲ್ಲಿಯ ಶಿಕ್ಷಕರ ಸಂಬಳಕ್ಕೆ ಶುಲ್ಕವೇ ಮೂಲ. 2020ರ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದವು. ಒಂದರಿಂದ ಐದನೆಯ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ನಡುವೆ, 2021ರ ಜನವರಿಯಲ್ಲಿ, ಬೋಧನಾ ಶುಲ್ಕದ ಶೇ. 70ರಷ್ಟನ್ನು ಮಾತ್ರ ಪಡೆಯಬೇಕೆಂದು ಸರ್ಕಾರ ಆದೇಶಿಸಿತು. ಮಳೆ ನೆಚ್ಚಿದ ಪೋಷಕರಿಗೆ ಅದು ಅಗತ್ಯವಾದ ರಿಯಾಯಿತಿ. ಆದರೆ ರಿಯಾಯಿತಿಯ ಭಾರ ಕೊನೆಗೆ ಇಳಿದದ್ದು ಶಿಕ್ಷಕರ, ಆಯಾಗಳ, ವಾಹನ ಚಾಲಕರ ಸಂಬಳದ ಮೇಲೆ. ಶಿಕ್ಷಕರು ಹೊಲದ ಕೂಲಿಗೆ, ತರಕಾರಿ ಮಾರಾಟಕ್ಕೆ ಇಳಿದ ಸುದ್ದಿಗಳು ರಾಜ್ಯದ ಹಲವೆಡೆಯಿಂದ ವರದಿಯಾದವು. 2021ರ ಜೂನ್ 3ರಂದು ಘೋಷಿತವಾದ ಪರಿಹಾರದಲ್ಲಿ ಅನುದಾನರಹಿತ ಶಾಲೆಯ ಶಿಕ್ಷಕರಿಗೆ ಒಂದು ಬಾರಿಗೆ 5,000 ರೂಪಾಯಿ ದೊರಕಿತು. ಬೋಧಕೇತರರ ಕಷ್ಟ ಬಹುಮಟ್ಟಿಗೆ ಲೆಕ್ಕಕ್ಕೆ ಹೊರಗೇ ಉಳಿಯಿತು. ಊರಿನಲ್ಲಿ ತುಂಡು ಜಮೀನಿದ್ದವರು ಅದಕ್ಕೆ ಮರಳಿದರು. ಜಮೀನಿಲ್ಲದವರಿಗೆ ಮರಳಲು ನೆಲೆಯಿರಲಿಲ್ಲ.

ಸಮಾರೋಪ

ಮೇಲಿನ ವಿವೇಚನೆಯಿಂದ ಸ್ಪಷ್ಟವಾಗುವ ಸಂಗತಿಯೆಂದರೆ, ಬರವನ್ನು ದಾಟುವ ಜನಪದ ಉಪಾಯಗಳು ಈ ಸೀಮೆಯಲ್ಲಿ ಇನ್ನೂ ಜೀವಂತವಾಗಿವೆ. ಹುಣಸೆಯ ಜಗುಲಿ, ಸಂಘದ ಮುಯ್ಯಿ, ಉದ್ರಿಯ ಪುಸ್ತಕ, ಶಾಲೆಯ ಕೈತೋಟಗಳು ಅದಕ್ಕೆ ನಿದರ್ಶನ. ಈ ಜಾಣ್ಮೆಯನ್ನು ದಾಖಲಿಸಿ ಮೆಚ್ಚುವುದು ಜಾನಪದ ಅಧ್ಯಯನದ ಕರ್ತವ್ಯವೇ ಹೌದು. ಆದರೆ ಮೆಚ್ಚುಗೆ ಅಲ್ಲಿಗೇ ನಿಂತರೆ ಅಧ್ಯಯನ ಅರ್ಧದಲ್ಲಿ ನಿಂತಂತೆ. ಈ ಉಪಾಯಗಳೆಲ್ಲವೂ ನಷ್ಟವನ್ನು ನೌಕರಳ ಮನೆಯೊಳಗೆ ಹಂಚುತ್ತವೆಯೇ ಹೊರತು ಅದನ್ನು ಉಂಟುಮಾಡಿದವರೊಂದಿಗೆ ಹಂಚುವುದಿಲ್ಲ. ಕಣದ ಆಯದ ಹಿರಿಮೆಯಿದ್ದುದು ಅದು ಕಾಳಿನಲ್ಲಿತ್ತು ಎಂಬುದರಲ್ಲಲ್ಲ. ರಾಶಿ ಮನೆಗೆ ಹೋಗುವ ಮುನ್ನ ದುಡಿದವನ ಪಾಲು ಎಲ್ಲರೆದುರು ಅಳತೆಯಾಗುತ್ತಿತ್ತು ಎಂಬುದರಲ್ಲಿ ಅದರ ಹಿರಿಮೆಯಿತ್ತು.

ಅಡುಗೆಯವರ, ಅತಿಥಿ ಶಿಕ್ಷಕರ ದುಡಿಮೆಗೆ ಸಲ್ಲುವುದನ್ನು ಗೌರವದಿಂದ ಬಿಡಿಸಿ ಅಳತೆಗೆ ತರುವುದು, ಆ ಅಳತೆಯನ್ನು ಧಾರಣೆಯೊಂದಿಗೆ ಹೊಂದಿಸುವುದು, ಹನ್ನೆರಡು ತಿಂಗಳ ಬದುಕಿಗೆ ಹನ್ನೆರಡು ತಿಂಗಳ ಲೆಕ್ಕವಿಡುವುದು: ಇವು ಜನಪದ ವಿವೇಕದಿಂದ ಇಂದಿನ ಆಯವ್ಯಯ ಕಲಿಯಬಹುದಾದ ಪಾಠಗಳು. ‘ಆಯವ್ಯಯ’ ಎಂಬ ಪದದ ಮೊದಲ ಭಾಗವೇ ‘ಆಯ’. ಕಣದಲ್ಲಿ ಮೊದಲು ಅಳೆಯುತ್ತಿದ್ದುದೂ ಅದನ್ನೇ.